ಬೆಟ್ಟದೂರಿನ ಕಚೇರಿಯಿಂದ ಬಂದ ಪೆನ್ನು

ನಮ್ಮ ಅಡುಗೆಮನೆಯಲ್ಲಿ ಒಂದು ಡ್ರಾಯರ್ ಇದೆ. ಎಲ್ಲಿಡಬೇಕೆಂದು ತೋಚದ ವಸ್ತುಗಳೆಲ್ಲ ಕೊನೆಗೆ ಅದರೊಳಗೆ ಬಂದು ಬೀಳುತ್ತವೆ. ಸತ್ತ ಬ್ಯಾಟರಿ, ಯಾವ ಬೀಗದ್ದೆಂದು ತಿಳಿಯದ ಕೀಲಿಕೈ, ಪಿಜ್ಜಾ ಜೊತೆ ಬಂದ ಖಾರದ ಪೊಟ್ಟಣ, ಮುಚ್ಚಳ ಕಳೆದುಕೊಂಡ ಕುಂಕುಮದ ಡಬ್ಬಿ. ಮೊನ್ನೆ ಕತ್ತರಿ ಹುಡುಕುತ್ತ ಕೈ ಹಾಕಿದರೆ ಒಂದು ನೀಲಿ ಪೆನ್ನು ಸಿಕ್ಕಿತು. ಅದರ ಹಿಂಬದಿಗೆ ಗೇಣುದ್ದದ ಬಿಳಿ ದಾರ ಇನ್ನೂ ಗಂಟು ಹಾಕಿಕೊಂಡೇ ಇತ್ತು. ಕತ್ತರಿ ಮರೆತು, ಅಲ್ಲೇ ಸ್ಟೂಲಿನ ಮೇಲೆ ಕೂತು, ಒಬ್ಬಳೇ ನಗತೊಡಗಿದೆ. ಒಲೆಯ ಮೇಲಿದ್ದ ಹಾಲು ಉಕ್ಕಿತು, ಅದು ಬೇರೆ ಮಾತು.

ನಾನು ಕಳ್ಳಿಯಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಟೆನೆಸ್ಸಿಯ ಬೆಟ್ಟಗಳ ನಡುವಿನ ಒಂದು ಪುಟ್ಟ ಊರಿನ ಕಚೇರಿಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿದೆ. ಸಹಿ ಹಾಕಿದ ಕೈ ಪೆನ್ನನ್ನು ದಾರ ಸಮೇತ ಕಿತ್ತುಕೊಂಡು ಕೈಚೀಲಕ್ಕೆ ಸೇರಿಸಿಬಿಟ್ಟಿತ್ತು. ಮಿಶಿಗನ್ನಿನ ಕ್ಯಾಂಟನ್ನಿನ ಮನೆಗೆ ಬಂದ ಮೇಲೇ ನನಗದು ಗೊತ್ತಾದದ್ದು. ವಾಪಸ್ ಕಳಿಸೋಣವೆಂದು ಲಕೋಟೆಯನ್ನೂ ತಂದೆ. ಆ ಲಕೋಟೆ ಈಗ ಅದೇ ಡ್ರಾಯರಿನಲ್ಲಿದೆ.

ದಾರ ಕಟ್ಟಿದ ಪೆನ್ನು ಕದ್ದವಳು ನಾನು ಎಂದು ಅಪ್ಪನಿಗೆ ತಿಳಿದಿದ್ದರೆ ಏನನ್ನುತ್ತಿದ್ದರೋ. ಅಪ್ಪ ಮಡಿಕೇರಿಯ ಕಚೇರಿ ಜಗಲಿಯಲ್ಲಿ ಕೂತು ಅರ್ಜಿ ಬರೆಯುತ್ತಿದ್ದವರು. ಓದು ಬರಹ ಬಾರದವರಿಗೆ ಬರೆದುಕೊಡುತ್ತಿದ್ದರು, ಬಂದರೂ ಸರ್ಕಾರವನ್ನು ಹೇಗೆ ಬೇಡಿಕೊಳ್ಳಬೇಕೆಂದು ತಿಳಿಯದವರಿಗೂ ಬರೆದುಕೊಡುತ್ತಿದ್ದರು. ಬೆಟ್ಟದ ಮೇಲಿನ ಆ ಜಿಲ್ಲಾ ಕೇಂದ್ರದಲ್ಲಿ ಮಂಜು ಆಫೀಸಿನೊಳಕ್ಕೂ ಬಂದು ಕೂರುತ್ತಿತ್ತು. ಛಾಪಾ ಕಾಗದ ಮೆತ್ತಗಾಗಿ ನಿಬ್ಬು ಚುಚ್ಚಿಕೊಳ್ಳುತ್ತಿತ್ತು. ತಾಮ್ರದ ಚೊಂಬಿಗೆ ಬಿಸಿನೀರು ತುಂಬಿ ಕಾಗದಕ್ಕೆ ಇಸ್ತ್ರಿ ಮಾಡುವ ಕೆಲಸ, ಶಾಲೆಗೆ ರಜೆ ಇದ್ದ ದಿನ, ನನ್ನದು. ಎಷ್ಟೋ ಕುಟುಂಬಗಳ ಆಸ್ತಿ ನನ್ನ ಚೊಂಬಿನ ಕೆಳಗೆ ಹಾದುಹೋಗಿದೆ ಎಂದು ಆಗ ನನಗೆ ಬಹಳ ಜಂಬವಿತ್ತು.

ಸಹಿ ಹಾಕಿದವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟುಬಿಡುತ್ತಿದ್ದರು. ಅದಕ್ಕೇ ಅಪ್ಪ ಪೆನ್ನಿಗೆ ಹುರಿ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದರು. "ಜನ ಕೆಟ್ಟವರಲ್ಲ ಕಣೇ. ಸಹಿ ಹಾಕೋ ಹೊತ್ತಿಗೆ ಮನುಷ್ಯ ತನ್ನ ಕೈಲಿ ತಾನಿರಲ್ಲ," ಎನ್ನುತ್ತಿದ್ದರು.

ಅಪ್ಪನ ಇನ್ನೊಂದು ಕಟ್ಟಳೆ ಎಂದರೆ ರಾಹುಕಾಲದಲ್ಲಿ ಒಂದಕ್ಷರ ಬರೆಯುತ್ತಿರಲಿಲ್ಲ. "ರಾಹುಕಾಲ ಬಂತು," ಎಂದು ಗಂಭೀರವಾಗಿ ಘೋಷಿಸಿ ಪೆನ್ನಿನ ಟೋಪಿ ಮುಚ್ಚುತ್ತಿದ್ದರು. ದೂರದ ಊರುಗಳಿಂದ, ಇದ್ದುದರಲ್ಲೇ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದವರು ಭಕ್ತಿಯಿಂದ ತಲೆದೂಗಿ ಜಗಲಿಯಂಚಿನಲ್ಲಿ ಕೂರುತ್ತಿದ್ದರು. ಅಪ್ಪ ನೆಟ್ಟಗೆ ಎದುರಿನ ಹೋಟೆಲಿಗೆ ಹೋಗಿ ಕಾಫಿ ಕುಡಿದು, ಪೇಪರ್ ಓದಿ, ಆರಾಮಾಗಿ ಬರುತ್ತಿದ್ದರು. ರಾಹು ಅಂದರೆ ಯಾರಪ್ಪಾ ಎಂದು ಒಮ್ಮೆ ಕೇಳಿದ್ದಕ್ಕೆ, "ನನಗೆ ದಿನಾ ಕಾಫಿ ಕುಡಿಸೋ ಪುಣ್ಯಾತ್ಮ," ಎಂದು ಕಣ್ಣು ಮಿಟುಕಿಸಿದ್ದರು. ಹೀಗಾಗಿ ಎಂಟನೇ ವಯಸ್ಸಿಗೇ ಏಳೂ ದಿನದ ರಾಹುಕಾಲ ನನಗೆ ಬಾಯಿಪಾಠ, ಅದರಲ್ಲಿ ನಂಬಿಕೆ ಮಾತ್ರ ಎಳ್ಳಷ್ಟೂ ಇಲ್ಲ. ಈ ಎರಡು ಸಂಗತಿ ಒಂದೇ ತಲೆಯಲ್ಲಿದ್ದರೆ ಎಂಥ ಅನಾಹುತವಾಗುತ್ತದೆಂಬುದೇ ನಾನು ಹೇಳಹೊರಟದ್ದು.

ಈಗ ಮೂರ್ತಿಯವರ ವಿಷಯಕ್ಕೆ ಬರಬೇಕು. ಬರುವಾಗ ಸ್ವಲ್ಪ ನಾಚಿಕೆಯಾಗುತ್ತದೆ, ನನ್ನ ಐವತ್ಮೂರನೇ ವಯಸ್ಸಿನಲ್ಲಿ ಆಗಬಾರದಷ್ಟು. ಮೈಸೂರಿನವರು. ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸಿನಲ್ಲಿ, ವಿಮಾನಗಳು ತಲೆಗೆ ತಾಗುವಷ್ಟು ಕೆಳಗೆ ಹಾರುವ ಜಾಗದಲ್ಲಿ, ಸರಕು ಸಾಗಿಸುವ ಕಂಪನಿಯೊಂದರ ಕೆಲಸ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕ್ಯಾಂಟನ್ನಿನಲ್ಲಿ ನನ್ನ ಗೆಳತಿಯೊಬ್ಬಳ ಗೃಹಪ್ರವೇಶಕ್ಕೆ ಬಂದಿದ್ದರು. ಗಂಡಸರೆಲ್ಲ ಬೇಸ್‌ಮೆಂಟಿನಲ್ಲಿ ಕೂತು ದೇಶದ ಭವಿಷ್ಯ ತೀರ್ಮಾನಿಸುತ್ತಿದ್ದಾಗ, ಈ ಮನುಷ್ಯ ಸಿಂಕಿನ ಮುಂದೆ ನಿಂತು ಸಾರಿನ ಪಾತ್ರೆಯ ತಳ ತಿಕ್ಕುತ್ತಿದ್ದರು. "ಸ್ವಲ್ಪ ಹುಣಸೆಹಣ್ಣು ಇದ್ರೆ ಕೊಡ್ತೀರಾ?" ಎಂದು ಕೇಳಿದರು. ಕೊಟ್ಟೆ. ನನ್ನ ಕಥೆ ಅಲ್ಲಿಗೆ ಮುಗಿಯಿತು ಎನ್ನಿ.

ಆಮೇಲೆ ಒಂದೂವರೆ ವರ್ಷ ಫೋನು. ಕನ್ನಡದವರೆಂಬ ನೆಪದಲ್ಲಿ ಒಂದೆರಡು ಸಲ ನಮ್ಮಲ್ಲಿ ಊಟಕ್ಕೂ ಬಂದರು, ಹಾಗಲಕಾಯಿ ಪಲ್ಯ ಎಂದರೆ ಅವರಿಗೆ ಪ್ರಾಣ. ನಾನು ವಾಷಿಂಗ್ ಮಶೀನ್ ಹಾಕಿ, ಅದರ ಸದ್ದಿನ ಮರೆಯಲ್ಲಿ ಮಾತಾಡುತ್ತಿದ್ದೆ. ಮನೆಯಲ್ಲಿ ಮಗ ಸುಹಾಸ ಇದ್ದಾನಲ್ಲ. ಅವನ ಅಪ್ಪ ತೀರಿಕೊಂಡಾಗ ಅವನಿಗೆ ಹದಿನೈದು, ಈಗ ಇಪ್ಪತ್ನಾಲ್ಕು. ಲಿವೋನಿಯಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಡೆ ಇಂಜಿನಿಯರ್. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವನು ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ. ಊಟ, ಲಾಂಡ್ರಿ, ಕಾರಿನ ಎಣ್ಣೆ, ಎಲ್ಲ ಮಾತಾಡುತ್ತೇವೆ. ಅವನ ಅಪ್ಪನ ಮಾತು ಮಾತ್ರ ಇಬ್ಬರೂ ಎತ್ತುವುದಿಲ್ಲ. ಹೀಗಿರುವಾಗ ಇದನ್ನು ಹೇಗೆ ಹೇಳುವುದು? ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ, ಕಾರಿನಲ್ಲಿ ಕೆಂಪು ದೀಪ ಬಿದ್ದಾಗಲೆಲ್ಲ ಅಭ್ಯಾಸ ಮಾಡಿದೆ. ಅವನ ಮುಂದೆ ನಿಂತರೆ ಬಾಯಿಂದ ಬರುತ್ತಿದ್ದುದು "ಮೊಸರು ಹಾಕ್ಲಾ?" ಎಂಬುದಷ್ಟೇ.

ಇನ್ನು ನಮ್ಮ ಕ್ಯಾಂಟನ್ ಜನ. ನಾಲ್ಕು ಬಡಾವಣೆ ಆಚೆ ಯಾರೋ ಸೀನಿದರೆ ಇಲ್ಲಿ ಕಷಾಯ ಕುದಿಯುತ್ತದೆ. ಇಲ್ಲೇ ಮದುವೆ ರಿಜಿಸ್ಟರ್ ಮಾಡಿಸಿಕೊಂಡರೆ ಯಾರ ಕಣ್ಣಿಗಾದರೂ ಬೀಳುವುದು ಖಂಡಿತ. ಮೂರ್ತಿಯವರೇ ಹುಡುಕಿ ತೆಗೆದರು. ಟೆನೆಸ್ಸಿಯಲ್ಲಿ ಹೊರಗಿನವರೂ ಹೋದ ದಿನವೇ ಲೈಸೆನ್ಸ್ ಪಡೆಯಬಹುದು, ಕೌಂಟಿ ಕ್ಲರ್ಕೇ ಮದುವೆಯನ್ನೂ ಮಾಡಿಸುತ್ತಾರೆ. ಐನೂರ ಐವತ್ತು ಮೈಲಿ ದೂರ. ಬೆಟ್ಟಗಳ ನಡುವಿನ ಚಿಕ್ಕ ಕೌಂಟಿ ಸೀಟು, ಎಂದರೆ ನಮ್ಮ ಜಿಲ್ಲಾ ಕೇಂದ್ರವಿದ್ದ ಹಾಗೆ. ಬೆಟ್ಟದ ಮೇಲಿನ ಜಿಲ್ಲಾ ಕೇಂದ್ರ ಎಂದದ್ದೇ ನಾನು ಹೂಂ ಅಂದುಬಿಟ್ಟೆ. ಮೊದಲು ಮದುವೆ, ಆಮೇಲೆ ಮಗನಿಗೆ ಹೇಳುವುದು ಎಂಬ ಹೇಡಿ ಯೋಜನೆ ನನ್ನದೇ. ಸುಹಾಸನಿಗೆ, "ಫ್ರೆಂಡ್ ಜೊತೆ ಎಲೆ ನೋಡೋಕೆ ಹೋಗ್ತಿದೀನಿ," ಎಂದೆ. ಅಕ್ಟೋಬರ್ ತಿಂಗಳು, ಇಡೀ ಅಮೆರಿಕ ಎಲೆ ನೋಡುತ್ತಿತ್ತು. ಅವನು ಫೋನಿನಿಂದ ತಲೆಯೆತ್ತದೆ, "ಹ್ಯಾವ್ ಫನ್," ಎಂದ.

ಗುರುವಾರ ಹೊರಟು ಓಹಾಯೋ, ಕೆಂಟಕಿ ದಾಟಿ ಹೆದ್ದಾರಿಯ ಎಕ್ಸಿಟ್ಟಿನ ಪಕ್ಕದ ಮೋಟೆಲಿನಲ್ಲಿ ಇಳಿದುಕೊಂಡೆವು. ಎರಡು ರೂಮು! ನಗಬೇಡಿ. ಶುಕ್ರವಾರ ಬೆಳಿಗ್ಗೆ ಮೋಟೆಲಿನ ಇಸ್ತ್ರಿಪೆಟ್ಟಿಗೆಗೆ ಹೆದರಿ ಹೆದರಿ ಮೈಸೂರು ಸಿಲ್ಕ್ ತೀಡಿದೆ, ಮೂರು ಸಲ ನೆರಿಗೆ ಹಿಡಿದೆ. ಮೂರ್ತಿಯವರು ಕೋಟು ಹಾಕಿಕೊಂಡು, ಕೂದಲಿಗೆ ಅಷ್ಟು ಎಣ್ಣೆ ಬೇಕಿರಲಿಲ್ಲ, ಬಾಗಿಲಲ್ಲಿ ನಿಂತಿದ್ದರು.

ಆ ಊರನ್ನು ನೋಡಿದಾಗ ನಾನು ನಿಜವಾಗಿ ಚಪ್ಪಾಳೆ ತಟ್ಟಿದೆ. ಸುತ್ತ ಬೆಟ್ಟ, ಬೆಟ್ಟದ ತುಂಬ ಕೆಂಪು, ಹಳದಿ, ಕಿತ್ತಳೆ. ನಡುವೆ ಗಡಿಯಾರದ ಗೋಪುರವಿದ್ದ ಇಟ್ಟಿಗೆಯ ಕೋರ್ಟ್‌ಹೌಸು. ಅದರ ಸುತ್ತ ಒಂದೇ ಒಂದು ಸುತ್ತು ಅಂಗಡಿ. ಕ್ಷೌರದಂಗಡಿ, ಮೊಳೆ ಸುತ್ತಿಗೆ ಮಾರುವ ಅಂಗಡಿ, ಬಾಗಿಲಲ್ಲೇ ಕಾಫಿ ವಾಸನೆ ಹಿಡಿದಿಟ್ಟಿದ್ದ ಹೋಟೆಲು. ಕಚೇರಿ ಮೆಟ್ಟಿಲಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮುದುಕರೊಬ್ಬರು ಕಾಗದದ ಕಟ್ಟನ್ನು ಎದೆಗವಚಿಕೊಂಡು ಕೂತಿದ್ದರು. "ಮೂರ್ತಿಯವ್ರೇ, ಇದು ಮಡಿಕೇರಿ ಕಣ್ರೀ! ಅಪ್ಪನ ಮೇಜು ಒಂದಿಲ್ಲ ಅಷ್ಟೇ," ಎಂದು ಕೂಗಿಬಿಟ್ಟೆ. ಅವರು ನನ್ನ ಖುಷಿ ನೋಡಿ ತಾವೇ ಆ ಊರು ಕಟ್ಟಿಸಿದವರಂತೆ ಬೀಗಿದರು.

ಗೋಪುರದ ಗಡಿಯಾರ ಹತ್ತು ಇಪ್ಪತ್ತೈದು ತೋರಿಸುತ್ತಿತ್ತು. ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು. ಬಾಯಿಪಾಠ ಸುಮ್ಮನೆ ಇರುತ್ತದೆಯೇ, ತಲೆಯಲ್ಲಿ ಗಂಟೆ ಬಾರಿಸಿತು. ನನಗೇನೂ ಇಲ್ಲ, ಆದರೆ ಇವರು ನಂಬುವವರು. ಹಿಂದೆ ಒಂದು ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ, ನಾನು ಬಹಳ ಧೈರ್ಯ ಮಾಡಿ, ಮದುವೆಗೆ ಒಪ್ಪಿಗೆ ಎಂದು ಹೇಳಲು ಫೋನ್ ಮಾಡಿದ್ದಾಗ, "ಈಗ ಬೇಡ, ಒಂದೂವರೆ ಆದ್ಮೇಲೆ ಹೇಳಿ," ಎಂದಿದ್ದರು. ಪಕ್ಕಾ ರಾಹುಕಾಲ! ಪಾಪ, ಅವರ ಮನಸ್ಸಿಗೆ ಕಿರಿಕಿರಿ ಯಾಕೆ?

"ಸ್ವಲ್ಪ ಹೊತ್ತು ಕಾರಲ್ಲೇ ಕೂತಿರೋಣವಾ?" ಎಂದೆ.

"ನಾನೂ ಅದೇ ಹೇಳೋಣ ಅಂತಿದ್ದೆ," ಎಂದರು ತಕ್ಷಣ. ನೋಡಿದೆಯಾ, ಎಂದುಕೊಂಡೆ.

ಒಂದೂವರೆ ಗಂಟೆ ಕೂತೆವು. ಅವರು ಕಿತ್ತಳೆ ಸುಲಿದು ಕೊಟ್ಟರು, ನಾನು ಸೆರಗಿಗೆ ರಸ ಬೀಳದಂತೆ ತಿಂದೆ. ಹವಾಮಾನದ ಬಗ್ಗೆ ಮಾತಾಡಿದೆವು. ಇಲ್ಲಿ ಬೆಳಿಗ್ಗೆ ಐವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಅಂತೆ, ಮಧ್ಯಾಹ್ನ ಎಪ್ಪತ್ತಂತೆ. ಬೆಂಗಳೂರಿನ ಸೂರ್ಯನಿಗೆ ಲೆಕ್ಕ ಹಾಕಿದ ರಾಹು ಟೆನೆಸ್ಸಿಯ ಡೇಲೈಟ್ ಸೇವಿಂಗ್‌ಗೆ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡಿದ್ದಾನೋ ಇಲ್ಲವೋ ಎಂದು ಒಳಗೊಳಗೇ ನಗು ಬರುತ್ತಿತ್ತು, ಅವರಿಗೆ ನೋವಾದೀತೆಂದು ಕಚ್ಚಿ ಹಿಡಿದಿದ್ದೆ. ಗೋಪುರದ ಗಡಿಯಾರ ಹನ್ನೆರಡು ಬಾರಿಸಿದ ಕೂಡಲೇ ಇಬ್ಬರೂ ಓಟದ ಸ್ಪರ್ಧೆಯವರಂತೆ ಇಳಿದು ಮೆಟ್ಟಿಲು ಹತ್ತಿದೆವು.

ಬಾಗಿಲಲ್ಲಿ, ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ದಪ್ಪನೆಯ ಹೆಂಗಸೊಬ್ಬರು ಬೀಗ ಹಾಕುತ್ತಿದ್ದರು. ಅವರೇ ಕ್ಲರ್ಕು. ಶುಕ್ರವಾರ ಕಚೇರಿ ಹನ್ನೆರಡರವರೆಗೆ ಮಾತ್ರ ಎಂದರು. ನಾಳೆ ಒಂಬತ್ತರಿಂದ ಹನ್ನೊಂದು. "ಒಂದೂವರೆ ಗಂಟೆಯಿಂದ ಕಿಟಕಿಯಲ್ಲಿ ನಿಮ್ಮನ್ನೇ ನೋಡ್ತಿದ್ದೆ. ಇಬ್ಬರಲ್ಲಿ ಯಾರಿಗೋ ಮನಸ್ಸು ಬದಲಾಗ್ತಿದೆ, ನಾವು ತಲೆ ಹಾಕಬಾರದು ಅಂತ ಸುಮ್ಮನಿದ್ದೆ," ಎಂದು ನನ್ನ ಕೆನ್ನೆ ತಟ್ಟಿ ಹೊರಟುಹೋದರು.

ನಾನು ಮೈಸೂರು ಸಿಲ್ಕಿನಲ್ಲಿ ಹಾಗೇ ಮೆಟ್ಟಿಲ ಮೇಲೆ ಕುಸಿದೆ.

"ಪರವಾಗಿಲ್ಲ ಬಿಡಿ ಸುಮಿತ್ರಾ ಅವ್ರೇ," ಎಂದರು ಮೂರ್ತಿ. "ರಾಹುಕಾಲದಲ್ಲಿ ಆಗೋದು ನಿಮಗೆ ಸಮಾಧಾನ ಇರ್ತಿರಲಿಲ್ಲ."

"ನನಗಾ?"

"ಮತ್ತೆ? ಕಾರ್ ತಗೊಳ್ಳೋವಾಗ ಸೋಮವಾರ ಒಂಬತ್ತರ ಮೇಲೇ ಸಹಿ ಹಾಕ್ತೀನಿ ಅಂತ ಹಟ ಹಿಡಿದಿದ್ರಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತು."

"ಏಳೂವರೆಗೆ ನನಗೆ ಡೆಂಟಿಸ್ಟ್ ಇತ್ತು ಕಣ್ರೀ! ರಾಹುಕಾಲ ನೋಡೋರು ನೀವಲ್ವಾ? ಬುಧವಾರ ಹನ್ನೆರಡಕ್ಕೆ ನನ್ನ ಬಾಯಿ ಮುಚ್ಚಿಸಿದ್ರಲ್ಲ!"

"ಅಯ್ಯೋ, ಬುಧವಾರ ನಿಮ್ಮ ಗಡಿಯಾರಕ್ಕೆ ಹನ್ನೆರಡರಿಂದ ಒಂದೂವರೆ ಅಂದ್ರೆ ನಮ್ಮ ಆಫೀಸ್ ಮೀಟಿಂಗು! ಪ್ರತಿ ವಾರ!"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ನಕ್ಕೆವು ನೋಡಿ, ಕ್ಷೌರದಂಗಡಿಯಿಂದ ಅರ್ಧ ಬೋಳಿಸಿದ ಮುಖವೊಂದು ಹೊರಗೆ ಬಂದು ನೋಡಿತು. ನಂಬಿಕೆಯೇ ಇಲ್ಲದ ಇಬ್ಬರು, ಇನ್ನೊಬ್ಬರ ನಂಬಿಕೆಗೆ ಮರ್ಯಾದೆ ಕೊಟ್ಟು ಮದುವೆ ತಪ್ಪಿಸಿಕೊಂಡಿದ್ದೆವು.

ನಗು ಇಳಿದ ಮೇಲೆ ಆ ಹೆಂಗಸಿನ ಮಾತು ಒಳಗೆ ಉಳಿಯಿತು. ಯಾರಿಗೋ ಮನಸ್ಸು ಬದಲಾಗ್ತಿದೆ. ನಿಜ ಹೇಳುತ್ತೇನೆ. ಹತ್ತೂವರೆ ಎಂದು ನೆನಪಾದಾಗ ನನಗೆ ಹಾಯೆನಿಸಿತ್ತು. ಮನಸ್ಸು ಬದಲಾಗಿರಲಿಲ್ಲ, ಆದರೆ ಮಗನಿಗೆ ಹೇಳದೆ ಆ ಬಾಗಿಲು ದಾಟಲು ಕಾಲು ಬರುತ್ತಿರಲಿಲ್ಲ. ಅಪ್ಪನಿಗೆ ಕಾಫಿಗೆ ಸಿಕ್ಕಿದ ನೆಪ ನನಗೆ ಹೆದರಿಕೆಗೆ ಸಿಕ್ಕಿತ್ತು.

"ಅವನಿಗೆ ಹೇಳ್ಬೇಕು," ಎಂದೆ.

"ಹೇಳಿ," ಎಂದರು ಮೂರ್ತಿ. "ನಾನು ಆ ಕಡೆ ಹೋಗಿರಲಾ?"

"ಬೇಡ, ಇಲ್ಲೇ ಇರಿ."

ಫೋನ್ ಎತ್ತಿದ ಸುಹಾಸನ ಹಿಂದೆ ಯಂತ್ರಗಳ ಸದ್ದು. "ಅಮ್ಮಾ, ಐ ಆಮ್ ಅಟ್ ವರ್ಕ್. ವಾಟ್ಸ್ ಅಪ್?"

"ಸುಹಾಸ, ನಾನು ಎಲೆ ನೋಡೋಕೆ ಬಂದಿಲ್ಲ ಕಣೋ."

"ಓಕೆ..."

"ಮದುವೆ ಮಾಡ್ಕೊಳ್ಳೋಕೆ ಬಂದಿದೀನಿ."

ಯಂತ್ರಗಳ ಸದ್ದು ದೂರವಾಯಿತು. ಎಲ್ಲೋ ಹೊರಗೆ ಬಂದಿರಬೇಕು. "ಮೂರ್ತಿ ಅಂಕಲ್?" ಎಂದ.

"ನಿಂಗ್ ಹೇಗೆ ಗೊತ್ತು?"

"ಅಮ್ಮಾ, ಯು ಹೇಟ್ ಹಾಗಲಕಾಯಿ. ದೇರ್ ಆರ್ ಫೋರ್ ಬ್ಯಾಗ್ಸ್ ಇನ್ ದ ಫ್ರೀಜರ್. ಆಂಡ್ ನೋಬಡಿ ಲಾಫ್ಸ್ ದಟ್ ಮಚ್ ಡೂಯಿಂಗ್ ಲಾಂಡ್ರಿ."

ನನ್ನ ಕಿವಿ ಬಿಸಿಯಾಯಿತು. ಒಂದೂವರೆ ವರ್ಷದ ಗುಟ್ಟು! "ಬೇಜಾರಾ?" ಎಂದೆ.

"ಈಸ್ ಇಟ್ ಡನ್?"

"ಇಲ್ಲ, ಆಫೀಸ್ ಮುಚ್ಚೋಯ್ತು. ನಾಳೆ ಒಂಬತ್ತರಿಂದ ಹನ್ನೊಂದು."

"ಸೆಂಡ್ ಮಿ ದ ಅಡ್ರೆಸ್. ಡೋಂಟ್ ಡು ಎನಿಥಿಂಗ್ ಟಿಲ್ ಐ ಗೆಟ್ ದೇರ್." ಫೋನ್ ಕಟ್ಟಾಯಿತು.

ನಾನು ಬರುವವರೆಗೆ ಏನೂ ಮಾಡಬೇಡ. ಆ ವಾಕ್ಯವನ್ನು ಆ ದಿನವಿಡೀ ತಿರುಗಿಸಿ ಮುರುಗಿಸಿ ನೋಡಿದೆ. ಒಂದು ಸಲ ನನ್ನ ಜೊತೆ ನಿಲ್ಲಲು ಬರುತ್ತಿದ್ದಾನೆ ಎನಿಸುತ್ತಿತ್ತು. ಹತ್ತು ಸಲ ನಿಲ್ಲಿಸಲು ಬರುತ್ತಿದ್ದಾನೆ ಎನಿಸುತ್ತಿತ್ತು. ಹೋಟೆಲಿನಲ್ಲಿ ಸೇಬಿನ ಪೈ ಮುಂದಿಟ್ಟುಕೊಂಡು ಮೂರ್ತಿ ಕೇಳಿದರು, "ಅವನು ಬೇಡ ಅಂದ್ರೆ?"

"ಬೇಡ ಅಂದ್ರೆ ವಾಪಸ್ ಹೋಗೋಣ," ಎಂದೆ.

ಅವರು ಪೈ ಅನ್ನು ಚಮಚದಲ್ಲಿ ನಾಲ್ಕು ಭಾಗ ಮಾಡಿದರು, ತಿನ್ನಲಿಲ್ಲ. "ಸರಿ. ಆದ್ರೆ ಎಲೆ ನೋಡ್ಕೊಂಡೇ ಹೋಗೋಣ," ಎಂದರು. ಆ ಕ್ಷಣ ನನಗೆ ಇವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಆ ಪೈಯನ್ನು ನಾನೇ ತಿಂದು ಮುಗಿಸಿದೆ. ನನಗೆ ಭಾವನೆ ಜಾಸ್ತಿಯಾದರೆ ಹಸಿವಾಗುತ್ತದೆ.

ಶನಿವಾರ ಒಂಬತ್ತಕ್ಕೆ ಮೊದಲೇ ಕೋರ್ಟ್‌ಹೌಸಿನ ಮುಂದಿನ ಬೆಂಚಿನಲ್ಲಿ ಕೂತೆವು. ಅದೇ ಸೀರೆ, ನೆರಿಗೆ ಮಾತ್ರ ನಿನ್ನೆಯಷ್ಟು ಚೆನ್ನಾಗಿ ಬಂದಿರಲಿಲ್ಲ. ಒಂಬತ್ತಾಯಿತು. ಒಂಬತ್ತೂವರೆ. ಕ್ಲರ್ಕ್ ಬಾಗಿಲಿಗೆ ಬಂದು ನೋಡಿ ಹೋದರು. ಹತ್ತು. ಮತ್ತೆ ಬಂದರು, ಈ ಸಲ ಕೈಗಡಿಯಾರ ತಟ್ಟಿ ತೋರಿಸಿದರು. ಬೆಟ್ಟದ ದಾರಿಯಲ್ಲಿ ಬಂದ ಪ್ರತಿ ಕಾರಿಗೂ ನಾನು ಎದ್ದು ನಿಲ್ಲುತ್ತಿದ್ದೆ, ಮೂರ್ತಿಯವರೂ ಎದ್ದು ನಿಲ್ಲುತ್ತಿದ್ದರು, ಮತ್ತೆ ಇಬ್ಬರೂ ಕೂರುತ್ತಿದ್ದೆವು.

ಹತ್ತೂ ಹತ್ತಕ್ಕೆ ಮಿಶಿಗನ್ ಪ್ಲೇಟಿನ ಬೂದು ಕಾರು ಕೋರ್ಟ್‌ಹೌಸನ್ನು ತಪ್ಪು ದಿಕ್ಕಿನಲ್ಲಿ ಸುತ್ತಿಕೊಂಡು ಬಂದು ನಿಂತಿತು. ನನ್ನ ಮಗ ಇಳಿದ. ಹಿಂದಿನ ಸಂಜೆ ಹೊರಟು, ಕೆಂಟಕಿಯಲ್ಲಿ ಮಲಗಿ, ಐದಕ್ಕೇ ಎದ್ದು ಬಂದಿದ್ದ. ತಲೆ ಬಾಚಿರಲಿಲ್ಲ. ಕೈಯಲ್ಲಿ ಪಿಕ್ನಿಕ್ಕಿಗೆ ಒಯ್ಯುವ ಐಸ್ ಪೆಟ್ಟಿಗೆ. ನನ್ನ ಮುಖ ನೋಡಲಿಲ್ಲ, ನೇರ ಮೂರ್ತಿಯವರ ಮುಂದೆ ಹೋಗಿ ನಿಂತ. ಅವರು ಶಾಲೆಯಲ್ಲಿ ಹೆಸರು ಕೂಗಿಸಿಕೊಂಡವರಂತೆ ನೆಟ್ಟಗಾದರು.

"ಅಂಕಲ್, ಹೋಲ್ಡ್ ದಿಸ್," ಎಂದು ಪೆಟ್ಟಿಗೆಯನ್ನು ಅವರ ಕೈಗಿಟ್ಟು ಮುಚ್ಚಳ ತೆಗೆದ.

ಒಳಗೆ ಒದ್ದೆ ಪೇಪರಿನಲ್ಲಿ ಸುತ್ತಿದ ಎರಡು ಹಾರ. ಸೇವಂತಿಗೆ, ನಡುನಡುವೆ ಗುಲಾಬಿ.

"ಯು ಕಾಂಟ್ ಡು ಇಟ್ ವಿದೌಟ್ ದೀಸ್, ರೈಟ್?" ಎಂದು ಆಗ ನನ್ನ ಕಡೆ ತಿರುಗಿದ. ಅವನ ಕಣ್ಣು ಕೆಂಪಗಿತ್ತು. ಡ್ರೈವ್ ಮಾಡಿದ್ದಕ್ಕೆ ಎಂದು ಆಮೇಲೆ ವಾದಿಸಿದ, ನಾನು ಒಪ್ಪಿಲ್ಲ. ನಾನಂತೂ ಬೀದಿಯಲ್ಲೇ ಜೋರಾಗಿ ಅತ್ತೆ.

ಮೂರ್ತಿ ಗೋಪುರದ ಗಡಿಯಾರ ನೋಡಿ ಕೆಮ್ಮಿದರು. "ಸುಮಿತ್ರಾ ಅವ್ರೇ, ಶನಿವಾರ ಒಂಬತ್ತರಿಂದ ಹತ್ತೂವರೆ..."

"ಗೊತ್ತು! ಇನ್ನೂ ಹದಿನೈದು ನಿಮಿಷ ಇದೆ, ಮುಗಿಯೋದ್ರೊಳಗೆ ನಡೀರಿ," ಎಂದು ಸೀರೆ ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

ಹೀಗೆ, ಅಪ್ಪ ಪೆನ್ನು ಮುಚ್ಚಿಡುತ್ತಿದ್ದ ಹೊತ್ತಿನಲ್ಲೇ ನನ್ನ ಮದುವೆಯಾಯಿತು. ಅರ್ಜಿ ತುಂಬಿ ಸಹಿ ಹಾಕಿದೆವು. ಕ್ಲರ್ಕ್ ಕನ್ನಡಕ ಏರಿಸಿಕೊಂಡು ಕೌಂಟರಿನ ಈಚೆಗೆ ಬಂದು ನಿಂತರು. ಇವರನ್ನು ಸ್ವೀಕರಿಸುತ್ತೀರಾ ಎಂದು ಕೇಳಿದ್ದಕ್ಕೆ ಮೂರ್ತಿ "ಹೂಂ" ಎಂದುಬಿಟ್ಟು, ಆಕೆ ಕಾಯುತ್ತಿರುವುದನ್ನು ಕಂಡು, "ಯೆಸ್, ಯೆಸ್ ಮ್ಯಾಮ್," ಎಂದು ಸೇರಿಸಿದರು. ಹಾರ ಹಾಕುವಾಗ ಅವರ ಕನ್ನಡಕ ಅದಕ್ಕೆ ಸಿಕ್ಕಿಕೊಂಡು ಸುಹಾಸನೇ ಬಿಡಿಸಿದ. ಅದೇ ಕೌಂಟರಿನಲ್ಲಿ ಕಾರಿನ ನಂಬರ್ ಪ್ಲೇಟ್ ಪಡೆಯಲು ಬಂದಿದ್ದ ಇಬ್ಬರು ಹಳ್ಳಿಗರು ಚಪ್ಪಾಳೆ ತಟ್ಟಿದರು.

ಇದೆಲ್ಲ ನಡೆಯುವಾಗ ನನ್ನ ಕೈಚೀಲದಲ್ಲಿ ಫೋನು ಒಂದೇ ಸಮನೆ ಗುರುಗುಡುತ್ತಿತ್ತು. ಹೊರಗೆ ಬಂದು ತೆಗೆದು ನೋಡಿದರೆ ಕ್ಯಾಂಟನ್ ಹೆಂಗಸರ ಗುಂಪಿನಲ್ಲಿ ಹೂವಿನ ಚಿತ್ರಗಳ ಸುರಿಮಳೆ. "ಸುಮಿತ್ರಾ, ಹೇಳ್ಲೇ ಇಲ್ವಲ್ಲೇ!" "ಹೋಳಿಗೆ ಊಟ ಯಾವಾಗ?" "ಕಂಗ್ರಾಟ್ಸ್ ಆಂಟಿ!" ಐನೂರ ಐವತ್ತು ಮೈಲಿ ಬಚ್ಚಿಟ್ಟುಕೊಂಡು ಬಂದದ್ದು ನಮಗಿಂತ ಮೊದಲೇ ಊರು ಸೇರಿತ್ತು.

"ಸುಹಾಸ! ಯಾರಿಗೋ ಹೇಳಿದೆ?"

ಅವನು ಕಾಲಿನಿಂದ ಒಣಗಿದ ಎಲೆಗಳನ್ನು ಗುಡ್ಡೆ ಮಾಡುತ್ತಿದ್ದ. "ಐ ವೆಂಟ್ ಟು ದ ಇಂಡಿಯನ್ ಸ್ಟೋರ್ ಫಾರ್ ದ ಹಾರ," ಎಂದ. "ಫ್ರೈಡೇ ಈವ್ನಿಂಗ್, ಇಟ್ ವಾಸ್ ಪ್ಯಾಕ್ಡ್. ದ ಸ್ಟೋರ್ ಆಂಟಿ ಆಸ್ಕ್ಡ್, 'ಯಾರ ಮದುವೆ ಪುಟ್ಟಾ?' ಇನ್ ಕನ್ನಡ. ಎವೆರಿಬಡಿ ಟರ್ನ್ಡ್ ಆಂಡ್ ಲುಕ್ಡ್ ಅಟ್ ಮಿ."

"ಅದಕ್ಕೆ ನೀನೇನಂದೆ?"

ತಲೆಯೆತ್ತಿ ನೋಡಿದ.

"ನಮ್ಮಮ್ಮಂದು, ಅಂದೆ."